ಮೂರು ಸರ್ವರ್, ಅರವತ್ತು ವರ್ಚುವಲ್ ಮಷೀನ್: ಪ್ರಾಕ್ಸ್‌ಮಾಕ್ಸ್‌ನ ‘ಕ್ಯೂಎಂ’ ಆಜ್ಞೆಯ ಜೊತೆ ಎರಡು ವರ್ಷ

ಪ್ರತಿ ಸೆಮಿಸ್ಟರ್ ಶುರುವಾಗುವ ವಾರ ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬಿಗೆ ಬರುವ ಬೇಡಿಕೆ ಒಂದೇ. ಅರವತ್ತು ವಿದ್ಯಾರ್ಥಿಗಳಿಗೆ ಅರವತ್ತು ಲಿನಕ್ಸ್ ವರ್ಚುವಲ್ ಮಷೀನ್ (ಸರ್ವರಿನೊಳಗೆ ತಂತ್ರಾಂಶ ಕಟ್ಟಿಕೊಡುವ ಕಂಪ್ಯೂಟರ್) ಬೇಕು, ಪ್ರತಿಯೊಂದಕ್ಕೂ ಬೇರೆ ಐಪಿ ವಿಳಾಸ ಇರಬೇಕು, ಪರೀಕ್ಷೆ ಮುಗಿದ ಮೇಲೆ ಎಲ್ಲವನ್ನೂ ಅಳಿಸಿ ಮುಂದಿನ ತಂಡಕ್ಕೆ ಹೊಸದಾಗಿ ಕೊಡಬೇಕು. ನಮ್ಮ ಬಳಿ ಇರುವುದು ತಲಾ 128 ಜಿಬಿ ಮೆಮೊರಿಯ ಮೂರು ಹಳೆಯ ಸರ್ವರ್‌ಗಳು. ಮೂರನ್ನೂ ಸೇರಿಸಿ, ವರ್ಚುವಲ್ ಮಷೀನ್ ನಡೆಸುವ ಪ್ರಾಕ್ಸ್‌ಮಾಕ್ಸ್ ತಂತ್ರಾಂಶದ ಕ್ಲಸ್ಟರ್ (ಒಟ್ಟಿಗೆ ನಿಭಾಯಿಸುವ ಸರ್ವರ್‌ಗಳ ಗುಂಪು) ಮಾಡಿಕೊಂಡಿದ್ದೇವೆ. ಮೊದಲ ಸಲ ಈ ಕೆಲಸವನ್ನು ಬ್ರೌಸರ್‌ನಲ್ಲೇ ಮಾಡಿದೆವು. 8006ನೇ ಪೋರ್ಟಿನ ಪುಟ ತೆರೆದು, ‘ಕ್ರಿಯೇಟ್ ವಿಎಂ’ ಒತ್ತಿ, ಎಂಟು ಹಂತಗಳ ಫಾರಂ ತುಂಬಿ, ಆಮೇಲೆ ಲಿನಕ್ಸ್ ಇನ್‌ಸ್ಟಾಲ್ ಮಾಡುತ್ತಾ ಕೂತರೆ ಮೂವರಿಗೆ ಮೂರು ದಿನ ಹಿಡಿಯಿತು, ನಾಲ್ಕು ಮಷೀನ್‌ಗಳಿಗೆ ಒಂದೇ ವಿಳಾಸ ಬಿತ್ತು. ಎರಡನೆಯ ಸಲದಿಂದ ‘ಕ್ಯೂಎಂ’ ಎಂಬ ಕಮಾಂಡ್ ಲೈನ್ ಸಾಧನವನ್ನು ಸ್ಕ್ರಿಪ್ಟಿನೊಳಗೆ ಬಳಸುತ್ತಿದ್ದೇವೆ. ಎಂಟನೇ ಆವೃತ್ತಿಯ ಮೇಲೆ ಎರಡು ವರ್ಷ ಅದನ್ನು ದುಡಿಸಿಕೊಂಡ ಅನುಭವದಿಂದ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಪ್ರಾಕ್ಸ್‌ಮಾಕ್ಸ್ ವರ್ಚುವಲ್ ಎನ್ವಿರಾನ್‌ಮೆಂಟ್ ಎಂಬುದು ಆಸ್ಟ್ರಿಯಾದ ವಿಯೆನ್ನಾದಲ್ಲಿರುವ ಸಂಸ್ಥೆಯೊಂದರ ತಂತ್ರಾಂಶ. ಮೊದಲ ಆವೃತ್ತಿ ಬಂದದ್ದು 2008ರಲ್ಲಿ. ಡೆಬಿಯನ್ ಲಿನಕ್ಸ್ ಇದರ ತಳಪಾಯ, ವರ್ಚುವಲ್ ಮಷೀನ್‌ಗಳನ್ನು ನಡೆಸುವುದು ಕೆವಿಎಂ ಮತ್ತು ಕ್ಯೂಎಮು ಎಂಬ ತಂತ್ರಾಂಶಗಳು, ಕಂಟೇನರ್‌ಗಳಿಗೆ (ಸರ್ವರಿನ ಕರ್ನಲ್ಲನ್ನೇ ಹಂಚಿಕೊಳ್ಳುವ ಹಗುರ ಮಷೀನ್) 2015ರಲ್ಲಿ ಬಂದ ನಾಲ್ಕನೇ ಆವೃತ್ತಿಯಿಂದ ಎಲ್‌ಎಕ್ಸ್‌ಸಿ. ಮೂಲ ಸಂಕೇತ ಎಜಿಪಿಎಲ್ ಪರವಾನಗಿಯಲ್ಲಿ ಮುಕ್ತವಾಗಿದೆ. 2023ರ ನವೆಂಬರ್‌ನಲ್ಲಿ ಇದೇ ಬಗೆಯ ತಂತ್ರಾಂಶ ಮಾರುವ ವಿಎಂವೇರ್ ಸಂಸ್ಥೆ ಬ್ರಾಡ್‌ಕಾಮ್ ಕೈಸೇರಿ, ಅದರ ಬೆನ್ನಿಗೇ ಒಮ್ಮೆ ಕೊಂಡು ಸದಾಕಾಲ ಬಳಸುವ ಲೈಸೆನ್ಸುಗಳ ಮಾರಾಟ ನಿಂತ ಮೇಲೆ, ಪರ್ಯಾಯ ಹುಡುಕುವವರ ಬಾಯಲ್ಲಿ ಮೊದಲು ಬರುವ ಹೆಸರುಗಳಲ್ಲಿ ಇದೂ ಒಂದು. ಆದರೆ ಅದರ ಬಗೆಗಿನ ಮಾತುಕತೆಯೆಲ್ಲ ವೆಬ್ ಪುಟದ ಸುತ್ತಲೇ ಸುತ್ತುತ್ತದೆ. ಆ ಪುಟದ ಹಿಂದೆ ಕೂತ ಕ್ಯೂಎಂ ಎಂಥದ್ದು ಎಂಬುದನ್ನು ದಿನವೂ ಬಳಸುವವರು ಮಾತ್ರ ಬಲ್ಲರು.

ಮೊದಲು ಚೆನ್ನಾಗಿರುವುದನ್ನು ಹೇಳಿಬಿಡುತ್ತೇನೆ. ಟೆಂಪ್ಲೇಟ್, ಅಂದರೆ ನಕಲು ತೆಗೆಯಲು ಇಟ್ಟುಕೊಳ್ಳುವ ಮಾದರಿ ಮಷೀನ್, ತಯಾರಿಸುವ ಕೆಲಸದಲ್ಲಿ ಕ್ಯೂಎಂಗೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಡೆಬಿಯನ್ ಅಥವಾ ಉಬುಂಟು ಬಿಡುಗಡೆ ಮಾಡುವ ಕ್ಲೌಡ್ ಇಮೇಜ್ (ಮೊದಲೇ ಇನ್‌ಸ್ಟಾಲ್ ಆದ ಡಿಸ್ಕಿನ ಕಡತ) ಒಂದನ್ನು ಸರ್ವರ್‌ಗೆ ಇಳಿಸಿಕೊಳ್ಳಬೇಕು. ಆಮೇಲೆ ‘ಕ್ಯೂಎಂ ಕ್ರಿಯೇಟ್’ ಆಜ್ಞೆಗೆ 9001 ಎಂಬ ಸಂಖ್ಯೆ, ಹೆಸರು, ಮೆಮೊರಿ, ಕೋರ್‌ಗಳ ಸಂಖ್ಯೆ, ನೆಟ್‌ವರ್ಕ್ ಬ್ರಿಡ್ಜ್ ಇಷ್ಟನ್ನು ಕೊಟ್ಟರೆ ಡಿಸ್ಕ್ ಇಲ್ಲದ ಖಾಲಿ ಮಷೀನ್ ಸಿದ್ಧವಾಗುತ್ತದೆ. ‘ಕ್ಯೂಎಂ ಸೆಟ್’ ಆಜ್ಞೆಯಲ್ಲಿ ‘ಇಂಪೋರ್ಟ್-ಫ್ರಮ್’ ಎಂದು ಬರೆದು ಇಮೇಜ್ ಕಡತದ ದಾರಿ ತೋರಿಸಿದರೆ ಅದು ಆ ಮಷೀನಿನ ಡಿಸ್ಕ್ ಆಗಿ ಕೂರುತ್ತದೆ. ಇಲ್ಲಿ ಡಿಸ್ಕಿನ ಗಾತ್ರ ಬರೆಯುವ ಜಾಗದಲ್ಲಿ ಸೊನ್ನೆ ಹಾಕಬೇಕೆಂಬುದು ವಿಚಿತ್ರವಾಗಿ ಕಂಡರೂ ನಿಯಮವೇ ಹಾಗಿದೆ. ಮೊದಲ ಸಲ ಏಳುವಾಗ ಮಷೀನಿಗೆ ವಿಳಾಸ, ಬಳಕೆದಾರ ಇತ್ಯಾದಿ ತುಂಬುವ ಕ್ಲೌಡ್-ಇನಿಟ್‌ಗೆ ಡ್ರೈವ್ ಒಂದನ್ನು ಅಂಟಿಸಿ, ಬೂಟ್ ಕ್ರಮ ಹೇಳಿ, ಸೀರಿಯಲ್ ಕನ್ಸೋಲ್ ಜೋಡಿಸಿ, ಕೊನೆಗೆ ‘ಕ್ಯೂಎಂ ಟೆಂಪ್ಲೇಟ್ 9001’ ಎಂದರೆ ಮುಗಿಯಿತು. ಕ್ಲೌಡ್ ಇಮೇಜಿನ ಮೂಲ ಡಿಸ್ಕ್ ಎರಡು ಮೂರು ಜಿಬಿಯಷ್ಟೇ ಇರುವುದರಿಂದ ‘ಕ್ಯೂಎಂ ರಿಸೈಜ್’ ಮೂಲಕ ಅದನ್ನು 20 ಜಿಬಿಗೆ ಹಿಗ್ಗಿಸಿಟ್ಟುಕೊಂಡಿದ್ದೇವೆ. ಹಿಗ್ಗಿದ ಜಾಗವನ್ನು ಮಷೀನ್ ಮೊದಲ ಸಲ ಏಳುವಾಗ ಕ್ಲೌಡ್-ಇನಿಟ್ ತಾನೇ ಬಳಕೆಗೆ ತಂದುಕೊಳ್ಳುತ್ತದೆ. ಹಿಗ್ಗಿಸಿದ್ದನ್ನು ಕುಗ್ಗಿಸಲು ಮಾತ್ರ ಈ ಆಜ್ಞೆಯಲ್ಲಿ ದಾರಿಯಿಲ್ಲ, ಆದ್ದರಿಂದ ಸೊನ್ನೆ ಎಣಿಸಿ ಎಂಟರ್ ಒತ್ತುವುದು ಒಳ್ಳೆಯದು.

ಟೆಂಪ್ಲೇಟ್ ಆದ ಮೇಲೆ ‘ಕ್ಯೂಎಂ ಕ್ಲೋನ್ 9001 3101’ ಎಂದರೆ ಹೊಸ ಮಷೀನ್ ಹುಟ್ಟುತ್ತದೆ. ಟೆಂಪ್ಲೇಟಿನಿಂದ ಮಾಡುವ ಕ್ಲೋನ್ ಬೇರೇನೂ ಹೇಳದಿದ್ದರೆ ಲಿಂಕ್ಡ್ ಕ್ಲೋನ್ ಆಗಿರುತ್ತದೆ, ಅಂದರೆ ಮೂಲ ಡಿಸ್ಕನ್ನು ನಕಲಿಸದೆ ಬದಲಾದ ಭಾಗವನ್ನಷ್ಟೇ ಬೇರೆಯಾಗಿ ಇಟ್ಟುಕೊಳ್ಳುತ್ತದೆ. ನಮ್ಮ ಸರ್ವರ್‌ಗಳಲ್ಲಿರುವ ಜೆಡ್‌ಎಫ್‌ಎಸ್ ಎಂಬ ಸ್ಟೋರೇಜ್ ವ್ಯವಸ್ಥೆಯ ಮೇಲೆ ಇದು ಕೆಲವೇ ಸೆಕೆಂಡುಗಳ ಮಾತು. ಎಲ್‌ವಿಎಂ-ಥಿನ್, ಸೆಫ್, ಕ್ಯೂಕೌ2 ಕಡತಗಳ ಮೇಲೂ ಲಿಂಕ್ಡ್ ಕ್ಲೋನ್ ನಡೆಯುತ್ತದೆ, ಸಾದಾ ಎಲ್‌ವಿಎಂ ಮೇಲೆ ನಡೆಯುವುದಿಲ್ಲ. ‘ಫುಲ್’ ಎಂದು ಸೇರಿಸಿದರೆ ಪೂರ್ತಿ ನಕಲು ಸಿಗುತ್ತದೆ, ಆದರೆ ಅರವತ್ತು ಪೂರ್ತಿ ನಕಲುಗಳಿಗೆ ಬೇಕಾಗುವ ಜಾಗವೂ ಸಮಯವೂ ನಮ್ಮಲ್ಲಿ ಇರಲಿಲ್ಲ. ಲಿಂಕ್ಡ್ ಕ್ಲೋನ್‌ಗಳು ಇರುವಷ್ಟು ದಿನ ಮೂಲ ಟೆಂಪ್ಲೇಟನ್ನು ಅಳಿಸಲು ಕ್ಯೂಎಂ ಬಿಡುವುದಿಲ್ಲ. ಬೇರು ಕಡಿದರೆ ಅರವತ್ತು ಕೊಂಬೆ ಒಣಗುತ್ತವೆ ಎಂದು ಅದಕ್ಕೆ ಗೊತ್ತಿದೆ, ಈ ವಿವೇಕ ಮೆಚ್ಚತಕ್ಕದ್ದು.

ಇನ್ನು ಹೊಸಬರು ಎಡವುವ ಜಾಗವೊಂದಿದೆ. ವೆಬ್ ಪುಟದಲ್ಲಿ ಏನೂ ಬದಲಿಸದೆ ‘ಮುಂದೆ, ಮುಂದೆ’ ಎಂದು ಒತ್ತಿ ಮಾಡಿದ ಮಷೀನೂ, ಕಮಾಂಡ್ ಲೈನಿನಲ್ಲಿ ಏನೂ ಹೇಳದೆ ಮಾಡಿದ ಮಷೀನೂ ಒಂದೇ ಆಗಿರುವುದಿಲ್ಲ. ಎಂಟನೇ ಆವೃತ್ತಿಯಿಂದ ವೆಬ್ ಪುಟವು ಪ್ರೊಸೆಸರ್ ಬಗೆಯನ್ನು ‘ಎಕ್ಸ್86-64-ವಿ2-ಎಇಎಸ್’ ಎಂದು ತುಂಬಿಕೊಡುತ್ತದೆ. ಕ್ಯೂಎಂ ಮಾತ್ರ ಹಳೆಯ ‘ಕೆವಿಎಂ64’ ಅನ್ನೇ ಹಿಡಿದುಕೊಂಡಿದೆ. ಡಿಸ್ಕ್ ನಿಯಂತ್ರಕವೂ ಹಾಗೆಯೇ, ಅಲ್ಲಿ ವರ್ಟ್‌ಐಒ ಇದ್ದರೆ ಇಲ್ಲಿ ಎಲ್‌ಎಸ್‌ಐ. ಮೆಮೊರಿ ಹೇಳದಿದ್ದರೆ ಸಿಗುವುದು 512 ಎಂಬಿ, ಕೋರ್ ಒಂದು. ಮೆಮೊರಿ ಕಡಿಮೆಯಾದರೆ ಕೂಡಲೇ ಗೊತ್ತಾಗುತ್ತದೆ, ಪ್ರೊಸೆಸರ್ ಬಗೆ ಹಾಗಲ್ಲ. ರಾಕಿ ಲಿನಕ್ಸ್ 9 ಇಮೇಜನ್ನು ನಾವು ಸ್ಕ್ರಿಪ್ಟಿನಿಂದ ಎಬ್ಬಿಸಿದಾಗ ಅದು ಪರದೆಯ ಮೇಲೆ ಪ್ರೊಸೆಸರ್ ‘ಎಕ್ಸ್86-64-ವಿ2’ ಅನ್ನು ಬೆಂಬಲಿಸುವುದಿಲ್ಲ ಎಂಬ ಸಾಲು ಬರೆದು ಕರ್ನಲ್ ಪ್ಯಾನಿಕ್ ಆಗಿ ಮಲಗಿತು. ಅದೇ ಇಮೇಜ್ ವೆಬ್ ಪುಟದಿಂದ ಮಾಡಿದಾಗ ಸಲೀಸಾಗಿ ಎದ್ದಿತು. ಇಮೇಜ್ ಕೆಟ್ಟಿದೆಯೆಂದು ಎರಡು ಬಾರಿ ಮತ್ತೆ ಇಳಿಸಿಕೊಂಡು ಅರ್ಧ ದಿನ ಕಳೆದ ಮೇಲೆ ‘ಕ್ಯೂಎಂ ಕಾನ್ಫಿಗ್’ ಹಾಕಿ ಎರಡೂ ಮಷೀನ್‌ಗಳ ವಿವರವನ್ನು ಅಕ್ಕಪಕ್ಕ ಇಟ್ಟು ನೋಡಿದೆವು, ಒಂದರಲ್ಲಿ ಪ್ರೊಸೆಸರ್ ಸಾಲು ಇತ್ತು, ಇನ್ನೊಂದರಲ್ಲಿ ಆ ಸಾಲೇ ಇರಲಿಲ್ಲ. ಕೈಪಿಡಿಯಲ್ಲಿ ಇದೆಲ್ಲ ಬರೆದಿದೆ. ಓದದೆ ಹೊರಟದ್ದು ನಮ್ಮದೇ ತಪ್ಪು. ಅಂದಿನಿಂದ ಪ್ರೊಸೆಸರ್ ಬಗೆ, ಡಿಸ್ಕ್ ನಿಯಂತ್ರಕ, ಮೆಮೊರಿ ಮೂರನ್ನೂ ಸ್ಕ್ರಿಪ್ಟಿನಲ್ಲಿ ಬಾಯಿಬಿಟ್ಟು ಹೇಳುತ್ತೇವೆ. ಪ್ರೊಸೆಸರ್ ಬಗೆಗೆ ‘ಹೋಸ್ಟ್’ ಎಂದು ಬರೆದರೆ ವೇಗ ಸಿಗುತ್ತದೆಯಾದರೂ, ಮೂರು ಸರ್ವರ್‌ಗಳ ಪ್ರೊಸೆಸರ್ ಬೇರೆ ಬೇರೆ ಪೀಳಿಗೆಯದಾಗಿದ್ದರೆ ಓಡುತ್ತಿರುವ ಮಷೀನನ್ನು ಒಂದರಿಂದ ಇನ್ನೊಂದಕ್ಕೆ ಸಾಗಿಸುವಾಗ ಅದು ಕೈಕೊಡಬಹುದು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಕ್ಯೂಎಂ ಕ್ಲಸ್ಟರಿನ ಸಾಧನವಲ್ಲ, ಒಂದು ಸರ್ವರಿನ ಸಾಧನ. ಕ್ಲಸ್ಟರ್ ಎಂದು ಹೆಸರಿಟ್ಟುಕೊಂಡ ತಂತ್ರಾಂಶದ ಜೊತೆಗೇ ಬರುವುದರಿಂದ ಈ ವ್ಯತ್ಯಾಸ ಮೊದಮೊದಲು ಅರಿವಿಗೇ ಬರುವುದಿಲ್ಲ. ಒಂದನೇ ಸರ್ವರಿನಲ್ಲಿ ಕೂತು, ಎರಡನೆಯದರಲ್ಲಿರುವ 3125ನೇ ಮಷೀನಿಗೆ ‘ಕ್ಯೂಎಂ ಸ್ಟಾರ್ಟ್’ ಎಂದರೆ, ಆ ಮಷೀನಿನ ಕಾನ್ಫಿಗರೇಶನ್ ಕಡತವೇ ಇಲ್ಲ ಎಂಬ ಉತ್ತರ ಬರುತ್ತದೆ. ಮಷೀನ್ ಇದೆ, ವೆಬ್ ಪುಟದಲ್ಲಿ ಕಣ್ಣಿಗೆ ಕಾಣುತ್ತಿದೆ, ಆದರೂ ಇಲ್ಲ ಎನ್ನುತ್ತದೆ. ಕಾರಣ ಸರಳ. ಕ್ಲಸ್ಟರಿನ ಎಲ್ಲ ವಿವರಗಳೂ ‘ಇಟಿಸಿ’ ಡೈರೆಕ್ಟರಿಯ ಒಳಗಿನ ‘ಪಿವಿಇ’ ಎಂಬ ಫೋಲ್ಡರಿನಲ್ಲಿವೆ. ನೋಡಲು ಮಾಮೂಲಿ ಫೋಲ್ಡರಿನಂತಿದ್ದರೂ ಅದರ ಹಿಂದಿರುವುದು ಸಣ್ಣದೊಂದು ಡೇಟಾಬೇಸ್. ಕೊರೋಸಿಂಕ್ ಎಂಬ ವ್ಯವಸ್ಥೆ ಅದರ ಪ್ರತಿಯನ್ನು ಮೂರೂ ಸರ್ವರ್‌ಗಳಲ್ಲಿ ಒಂದೇ ಸಮನಾಗಿ ಇಟ್ಟಿರುತ್ತದೆ. ಊರಿಗೆಲ್ಲ ಒಂದೇ ಖಾತೆ ಪುಸ್ತಕ, ಪ್ರತಿ ಕೇರಿಯಲ್ಲೂ ಅದರ ಪ್ರತಿ. ಆ ಪುಸ್ತಕದಲ್ಲಿ ಸರ್ವರಿಗೊಂದು ಅಧ್ಯಾಯವಿದೆ. ಕ್ಯೂಎಂ ತನ್ನ ಸರ್ವರಿನ ಅಧ್ಯಾಯವನ್ನು ಮಾತ್ರ ತೆರೆಯುತ್ತದೆ, ಪಕ್ಕದ ಅಧ್ಯಾಯ ಅಲ್ಲೇ ಇದ್ದರೂ ಪುಟ ತಿರುಗಿಸುವುದಿಲ್ಲ.

ಇದರ ಪರಿಣಾಮ ಟೆಂಪ್ಲೇಟಿನಿಂದಲೇ ಆರಂಭವಾಗುತ್ತದೆ. ಕ್ಲೋನ್ ಮಾಡುವಾಗ ‘ಟಾರ್ಗೆಟ್’ ಎಂದು ಇನ್ನೊಂದು ಸರ್ವರಿನ ಹೆಸರು ಕೊಡಬಹುದು, ಆದರೆ ಮೂಲ ಡಿಸ್ಕ್ ಎಲ್ಲ ಸರ್ವರ್‌ಗಳಿಗೂ ಸಾಮಾನ್ಯವಾದ ಸ್ಟೋರೇಜಿನಲ್ಲಿ ಇರಬೇಕೆಂಬ ಷರತ್ತಿದೆ. ಸೆಫ್ ಅಥವಾ ಎನ್‌ಎಫ್‌ಎಸ್ ಇದ್ದವರಿಗೆ ಒಂದೇ ಟೆಂಪ್ಲೇಟ್ ಸಾಕು. ನಮ್ಮಂತೆ ಸರ್ವರಿಗೊಂದು ಸ್ವಂತ ಡಿಸ್ಕ್ ಇಟ್ಟುಕೊಂಡವರು ಸರ್ವರಿಗೊಂದು ಟೆಂಪ್ಲೇಟನ್ನೂ ಇಟ್ಟುಕೊಳ್ಳಬೇಕು. ಮಷೀನ್ ಸಂಖ್ಯೆ ಇಡೀ ಕ್ಲಸ್ಟರಿನಲ್ಲಿ ಒಂದೇ ಸಲ ಬರಬೇಕಾದ್ದರಿಂದ ಮೂರೂ ಕಡೆ 9001 ಎನ್ನಲಾಗದು. ನಮ್ಮಲ್ಲಿ 9001, 9002, 9003 ಎಂದು ಮೂರು ಇವೆ, ತಿಂಗಳಿಗೊಮ್ಮೆ ಮೂರನ್ನೂ ಹೊಸದಾಗಿ ಕಟ್ಟುತ್ತೇವೆ.

ಕ್ಲಸ್ಟರ್ ಪೂರ್ತಿಯನ್ನು ಒಂದೇ ಜಾಗದಿಂದ ನಿಭಾಯಿಸಲು ಪ್ರಾಕ್ಸ್‌ಮಾಕ್ಸ್‌ನಲ್ಲಿ ‘ಪಿವಿಇಎಸ್‌ಎಚ್’ ಎಂಬ ಇನ್ನೊಂದು ಆಜ್ಞೆಯಿದೆ. ವೆಬ್ ಪುಟ ಬಳಸುವ ಅದೇ ಎಪಿಐಯನ್ನು (ಒಂದು ತಂತ್ರಾಂಶ ಇನ್ನೊಂದಕ್ಕೆ ಆಜ್ಞೆ ಕೊಡುವ ದಾರಿ) ಇದು ಕಮಾಂಡ್ ಲೈನಿಗೆ ತಂದುಕೊಡುತ್ತದೆ. ಯಾವ ಸರ್ವರಿನಲ್ಲಿ ಕೂತು ಹೇಳಿದರೂ ಕೆಲಸವನ್ನು ಸಂಬಂಧಪಟ್ಟ ಸರ್ವರಿಗೆ ದಾಟಿಸುತ್ತದೆ. ಶಕ್ತಿ ಹೆಚ್ಚು, ಆದರೆ ಬರೆಯಲು ಹಿತವಲ್ಲ. ಕ್ಯೂಎಂನಲ್ಲಿ ಎರಡು ಪದಗಳಲ್ಲಿ ಮುಗಿಯುವ ಮಾತಿಗೆ ಇಲ್ಲಿ ‘ನೋಡ್ಸ್, ಸರ್ವರಿನ ಹೆಸರು, ಕ್ಯೂಎಮು, ಸಂಖ್ಯೆ, ಸ್ಟೇಟಸ್, ಸ್ಟಾರ್ಟ್’ ಎಂದು ಉದ್ದದ ದಾರಿಯನ್ನೇ ಬರೆಯಬೇಕು. ನಾವು ಎರಡನ್ನೂ ಬೆರೆಸಿ ಬಳಸುತ್ತೇವೆ. ಕ್ಲಸ್ಟರಿನ ಸ್ಥಿತಿ ಓದಲು ಪಿವಿಇಎಸ್‌ಎಚ್, ಮಷೀನ್ ಹುಟ್ಟಿಸಲು ಆಯಾ ಸರ್ವರಿಗೆ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ ಸಾಧನ) ಮೂಲಕ ಹೋಗಿ ಕ್ಯೂಎಂ.

ಯಾವ ಮಷೀನ್ ಯಾವ ಸರ್ವರಿಗೆ ಹೋಗಬೇಕು ಎಂಬ ಪ್ರಶ್ನೆಯನ್ನು ಈ ಎರಡೂ ಆಜ್ಞೆಗಳು ನಮಗೇ ಬಿಡುತ್ತವೆ. ಗೂಗಲ್‌ನಲ್ಲಿ ಹುಟ್ಟಿ ಮುಕ್ತವಾದ ಗನೆಟಿ ಎಂಬ ಹಳೆಯ ತಂತ್ರಾಂಶದಲ್ಲಿ, ಮುಖ್ಯ ಸರ್ವರಿನಿಂದ ಮಷೀನ್ ಸೇರಿಸುವ ಆಜ್ಞೆ ಕೊಟ್ಟು ‘ಹೇಲ್’ ಎಂಬ ಹಂಚಿಕೆದಾರನ ಹೆಸರು ಹೇಳಿದರೆ, ಸೂಕ್ತ ಸರ್ವರನ್ನು ಅದೇ ಆರಿಸಿಕೊಳ್ಳುತ್ತದೆ. ಅದನ್ನು ಕೆಲಕಾಲ ಬಳಸಿದ್ದವನಾದ್ದರಿಂದ ಇಲ್ಲಿ ನನಗೆ ಕೊರತೆ ಎದ್ದು ಕಂಡಿತು. ಹಂಚಿಕೆಯ ತರ್ಕವನ್ನು ನಾನೇ ಬರೆದೆ. ಮೂರು ಸರ್ವರ್‌ಗಳ ಮೆಮೊರಿಯನ್ನು ಓದುವುದು, ಅತಿ ಹೆಚ್ಚು ಖಾಲಿ ಇರುವುದನ್ನು ಆರಿಸುವುದು, ಅಲ್ಲಿ ಕ್ಲೋನ್ ಮಾಡುವುದು; ಇಪ್ಪತ್ತು ಸಾಲಿನ ಕೆಲಸ. ಓಡಿಸಿದಾಗ ಅರವತ್ತು ಮಷೀನ್‌ಗಳೂ ಎರಡನೇ ಸರ್ವರಿನ ಮೇಲೆಯೇ ಹೋಗಿ ಕೂತವು.

ನನ್ನ ತರ್ಕದಲ್ಲೇ ದೋಷವಿತ್ತು. ಕ್ಲೋನ್ ಆಗಿ ಇನ್ನೂ ಎದ್ದಿರದ ಮಷೀನ್ ಒಂದು ಬೈಟ್ ಮೆಮೊರಿಯನ್ನೂ ತಿನ್ನುವುದಿಲ್ಲ, ಹಾಗಾಗಿ ಪ್ರತಿ ಸಲ ಕೇಳಿದಾಗಲೂ ಎರಡನೇ ಸರ್ವರೇ ಎಲ್ಲರಿಗಿಂತ ಖಾಲಿಯಾಗಿ ಕಾಣುತ್ತಿತ್ತು. ಸಾಲದ್ದಕ್ಕೆ ಆ ಅಂಕಿ ಅಂಶಗಳು ಹತ್ತು ಸೆಕೆಂಡಿಗೊಮ್ಮೆ ಮಾತ್ರ ಹೊಸದಾಗುತ್ತವೆ, ಆ ಹತ್ತು ಸೆಕೆಂಡಿನಲ್ಲಿ ಮೂರು ನಾಲ್ಕು ಕ್ಲೋನ್ ಆಗಿಬಿಡುತ್ತಿದ್ದವು. ಅದನ್ನು ಗಮನಿಸದೆ ಎಲ್ಲವನ್ನೂ ಎಬ್ಬಿಸಿದೆವು. ತಲಾ 4 ಜಿಬಿಯಂತೆ ಅರವತ್ತಕ್ಕೆ 240 ಜಿಬಿ ಬೇಕು, ಸರ್ವರಿನಲ್ಲಿ ಇರುವುದು 128. ಆದರೂ ಮೊದಲ ಎರಡು ದಿನ ಯಾರಿಗೂ ಏನೂ ತಿಳಿಯಲಿಲ್ಲ, ಏಕೆಂದರೆ ಸುಮ್ಮನೆ ಕೂತ ಲಿನಕ್ಸ್ ಮಷೀನ್ ತನಗೆ ಬರೆದಿಟ್ಟ ಮೆಮೊರಿಯನ್ನು ಪೂರ್ತಿ ಮುಟ್ಟುವುದೇ ಇಲ್ಲ. ಜೊತೆಗೆ ಬಳಕೆ ಶೇಕಡಾ 80 ದಾಟಿದ ಕೂಡಲೇ ಕೆಎಸ್‌ಎಂ ಎಂಬ ವ್ಯವಸ್ಥೆ ಎದ್ದು, ಒಂದೇ ತೆರನಾದ ಮೆಮೊರಿ ಪುಟಗಳನ್ನು ಒಂದಾಗಿಸಿ ಜಾಗ ಉಳಿಸುತ್ತದೆ. ಮೂರನೇ ದಿನ ಬಿಗ್ ಡೇಟಾ ಲ್ಯಾಬ್ ಇತ್ತು. ಎಲ್ಲರೂ ಒಟ್ಟಿಗೆ ಹಡೂಪ್ ಎಬ್ಬಿಸಿದ ಹತ್ತು ನಿಮಿಷಕ್ಕೆ ಮೆಮೊರಿ ಸಾಲದೆ ಸರ್ವರಿನ ಕರ್ನಲ್ (ಲಿನಕ್ಸಿನ ತಿರುಳು) ಒಂದೊಂದೇ ಮಷೀನನ್ನು ಕೊಲ್ಲತೊಡಗಿತು. ಈಗಿನ ಸ್ಕ್ರಿಪ್ಟ್ ಬಳಕೆಯಲ್ಲಿರುವ ಮೆಮೊರಿಯನ್ನು ನೋಡುವುದೇ ಇಲ್ಲ. ಪ್ರತಿ ಸರ್ವರಿನಲ್ಲಿರುವ ಎಲ್ಲ ಮಷೀನ್‌ಗಳಿಗೂ ಬರೆದಿಟ್ಟ ಮೆಮೊರಿಯನ್ನು, ಎದ್ದಿರಲಿ ಮಲಗಿರಲಿ, ಕೂಡಿಸಿ ಆ ಮೊತ್ತ ಕಡಿಮೆ ಇರುವ ಕಡೆಗೆ ಕಳಿಸುತ್ತದೆ.

ಸಂಖ್ಯೆಗಳ ವಿಚಾರದಲ್ಲೂ ಒಂದು ಎಚ್ಚರಿಕೆ ಬೇಕು. ಮುಂದಿನ ಖಾಲಿ ಸಂಖ್ಯೆ ಯಾವುದು ಎಂದು ಪಿವಿಇಎಸ್‌ಎಚ್ ಅನ್ನು ಕೇಳಬಹುದು, ಅದು ಹೇಳುತ್ತದೆ, ಆದರೆ ಆ ಸಂಖ್ಯೆಯನ್ನು ನಮ್ಮ ಹೆಸರಿಗೆ ಕಾದಿರಿಸುವುದಿಲ್ಲ. ಒಂದೇ ಹೊತ್ತಿಗೆ ಎರಡು ಸ್ಕ್ರಿಪ್ಟ್ ಕೇಳಿದರೆ ಎರಡಕ್ಕೂ ಒಂದೇ ಉತ್ತರ ಸಿಕ್ಕು, ಒಂದು ಗೆದ್ದು ಇನ್ನೊಂದು ‘ಈಗಾಗಲೇ ಇದೆ’ ಎಂಬ ದೋಷದೊಂದಿಗೆ ಬೀಳುತ್ತದೆ. ಅಳಿಸಿದ ಮಷೀನಿನ ಸಂಖ್ಯೆಯೂ ಹೀಗೆಯೇ ಹೊಸಬರ ಪಾಲಾಗುವುದರಿಂದ ಹಳೆಯ ಬ್ಯಾಕಪ್ ಯಾರದ್ದೆಂಬ ಗೊಂದಲವೂ ಹುಟ್ಟುತ್ತದೆ. ನಾವು ಕೇಳುವುದನ್ನೇ ಬಿಟ್ಟೆವು. ಮೂರನೇ ಸೆಮಿಸ್ಟರಿನ ಒಂದನೇ ರೋಲ್ ನಂಬರಿಗೆ 3101, ಅರವತ್ತನೆಯದಕ್ಕೆ 3160. ಕೊನೆಯ ಮೂರು ಅಂಕಿಯೇ ಐಪಿ ವಿಳಾಸದ ಕೊನೆಯ ಭಾಗ. ಲಾಗಿನ್ ಆಗಲಿಲ್ಲ ಎಂದು ಹುಡುಗನೊಬ್ಬ ಬಂದರೆ ರೋಲ್ ನಂಬರ್ ಕೇಳಿದರೆ ಸಾಕು, ಮಷೀನೂ ವಿಳಾಸವೂ ಕೈಗೆ ಸಿಗುತ್ತವೆ. ಒಟ್ಟಿಗೆ ಹತ್ತು ಕ್ಲೋನ್‌ಗಳನ್ನು ಹಿನ್ನೆಲೆಗೆ ತಳ್ಳಿ ಬೇಗ ಮುಗಿಸುವ ಆಸೆಯೂ ಬೇಡ, ಒಂದು ಹೊತ್ತಿಗೆ ಒಂದಕ್ಕೇ ಸಿಗುವ ಬೀಗಕ್ಕಾಗಿ ಅವು ಕಾದು ಕಾದು ಕೆಲವು ಸಮಯ ಮೀರಿ ಸೋಲುತ್ತವೆ. ಸರ್ವರಿಗೊಂದರಂತೆ ಸಾಲಾಗಿ ಬಿಟ್ಟರೆ ಮೂರು ಕಡೆ ಸೇರಿ ಅರವತ್ತೂ ಒಂದು ಚಹಾ ವಿರಾಮದಲ್ಲಿ ಮುಗಿಯುತ್ತವೆ.

ಕ್ಲೌಡ್-ಇನಿಟ್ ಬಗ್ಗೆ ದೀರ್ಘವಾಗಿ ಬರೆಯುವುದಿಲ್ಲ. ಐಪಿ ವಿಳಾಸ, ಬಳಕೆದಾರನ ಹೆಸರು, ಎಸ್‌ಎಸ್‌ಎಚ್ ಕೀ ಮೂರನ್ನೂ ‘ಕ್ಯೂಎಂ ಸೆಟ್’ ಸಾಲಿನಲ್ಲೇ ಕೊಡಬಹುದು, ಅಷ್ಟು ನಮಗೆ ಸಾಕಾಗಿದೆ. ಪಾಸ್‌ವರ್ಡನ್ನೂ ಕೊಡಬಹುದಾದರೂ, ಆಜ್ಞೆಯ ಸಾಲಿನಲ್ಲಿ ಬರೆದದ್ದು ಶೆಲ್ ಇತಿಹಾಸದಲ್ಲೂ ಪ್ರೋಸೆಸ್ ಪಟ್ಟಿಯಲ್ಲೂ ಕಾಣಿಸಿಕೊಳ್ಳುವುದರಿಂದ ಕೀ ಬಳಸುವುದೇ ಲೇಸು. ಇದಕ್ಕಿಂತ ಹೆಚ್ಚಿನದು, ಅಂದರೆ ಪ್ಯಾಕೇಜ್ ಹಾಕುವುದು ಇತ್ಯಾದಿ ಬೇಕೆಂದರೆ ‘ಸ್ನಿಪೆಟ್’ ಕಡತ ಬರೆಯಬೇಕು. ಆ ಕಡತ ಮಷೀನ್ ಹೋಗಬಹುದಾದ ಪ್ರತಿ ಸರ್ವರಿನಲ್ಲೂ ಇರಬೇಕು, ಮರೆತರೆ ಅಲ್ಲಿ ಮಷೀನ್ ಏಳುವುದಿಲ್ಲ. ಇಲ್ಲಿ ಹೇಳಲೇಬೇಕಾದದ್ದು ಇನ್ನೊಂದಿದೆ. ಮೊದಲ ಟೆಂಪ್ಲೇಟನ್ನು ನಾವು ಕ್ಲೌಡ್ ಇಮೇಜಿನಿಂದ ಮಾಡದೆ, ಕೈಯಾರೆ ಇನ್‌ಸ್ಟಾಲ್ ಮಾಡಿದ ಉಬುಂಟುವಿನಿಂದ ಮಾಡಿದ್ದೆವು, ವಿಳಾಸವನ್ನು, ತಾನಾಗಿ ಐಪಿ ಹಂಚುವ ಡಿಎಚ್‌ಸಿಪಿಗೆ ಬಿಟ್ಟಿದ್ದೆವು. ಲ್ಯಾಬಿನ ಮೊದಲ ದಿನ ಹುಡುಗಿಯೊಬ್ಬಳು ಬಂದು, “ಸರ್, ನನ್ನ ಮಷೀನಿಗೆ ಲಾಗಿನ್ ಆದ್ರೆ ಒಂದ್ಸಲ ನನ್ನ ಫೈಲ್ ಇರತ್ತೆ, ಇನ್ನೊಂದ್ಸಲ ಪಕ್ಕದವನದ್ದು ಇರತ್ತೆ” ಎಂದಳು. ನೆಟ್‌ವರ್ಕ್ ಕಾರ್ಡುಗಳ ಮ್ಯಾಕ್ ವಿಳಾಸ (ಕಾರ್ಡಿನ ಸ್ವಂತ ಗುರುತು ಸಂಖ್ಯೆ) ಬೇರೆ ಬೇರೆಯಾಗಿಯೇ ಇದ್ದವು. ಆದರೆ ಉಬುಂಟು ಡಿಎಚ್‌ಸಿಪಿ ಮುಂದೆ ತನ್ನ ಗುರುತು ಹೇಳಿಕೊಳ್ಳುವುದು ಮ್ಯಾಕ್ ವಿಳಾಸದಿಂದಲ್ಲ, ಮಷೀನ್-ಐಡಿ ಎಂಬ ಕಡತದಿಂದ ಹುಟ್ಟಿದ ಸಂಖ್ಯೆಯಿಂದ, ಮತ್ತು ಆ ಕಡತ ಎಲ್ಲ ಕ್ಲೋನ್‌ಗಳಲ್ಲೂ ಒಂದೇ ಆಗಿತ್ತು, ಹಾಗಾಗಿ ಹಲವು ಮಷೀನ್‌ಗಳಿಗೆ ಒಂದೇ ಐಪಿ ಸಿಕ್ಕಿತ್ತು. ಕ್ಲೌಡ್ ಇಮೇಜ್‌ಗಳಲ್ಲಿ ಅದನ್ನು ಖಾಲಿ ಬಿಟ್ಟಿರುತ್ತಾರೆ.

ಕರೆಂಟ್ ಹೋಗುವ ಊರಿನಲ್ಲಿ ಕ್ಲಸ್ಟರ್ ನಡೆಸುವವರು ಕೋರಮ್ ಎಂಬ ಮಾತನ್ನು ಬೇಗ ಕಲಿಯುತ್ತಾರೆ. ಮೂರು ಸರ್ವರ್‌ಗಳಲ್ಲಿ ಎರಡಾದರೂ ಒಂದನ್ನೊಂದು ಕಾಣುತ್ತಿದ್ದರೆ ಮಾತ್ರ ಖಾತೆ ಪುಸ್ತಕದಲ್ಲಿ ಬರೆಯಲು ಅವಕಾಶ. ನಮ್ಮಲ್ಲಿ ಎರಡು ಸರ್ವರ್ ಒಂದೇ ಯುಪಿಎಸ್ ಮೇಲಿದ್ದವು. ಮಳೆಗಾಲದ ಒಂದು ಮಧ್ಯಾಹ್ನ ಆ ಯುಪಿಎಸ್ ಕೈಕೊಟ್ಟಾಗ ಉಳಿದ ಒಂದು ಸರ್ವರ್ ಒಂಟಿಯಾಯಿತು. ಅದರ ಮೇಲಿದ್ದ ಮಷೀನ್‌ಗಳು ಮಾತ್ರ ಏನೂ ಆಗದಂತೆ ಓಡುತ್ತಲೇ ಇದ್ದವು. ಹೊಸದೊಂದನ್ನು ಹುಟ್ಟಿಸಲು ಹೋದರೆ ಕ್ಯೂಎಂ ‘ಕ್ಲಸ್ಟರ್ ನಾಟ್ ರೆಡಿ, ನೋ ಕೋರಮ್?’ ಎಂದಿತು. ಆ ದೋಷ ಸಂದೇಶದ ಕೊನೆಯಲ್ಲಿ ನಿಜಕ್ಕೂ ಒಂದು ಪ್ರಶ್ನಾರ್ಥಕ ಚಿಹ್ನೆ ಇದೆ, ನಮ್ಮನ್ನೇ ಕೇಳುತ್ತಿರುವಂತೆ. ‘ಪಿವಿಇಸಿಎಂ ಎಕ್ಸ್‌ಪೆಕ್ಟೆಡ್ 1’ ಎಂಬ ಆಜ್ಞೆ ಕೊಟ್ಟರೆ ಒಂದೇ ಮತ ಸಾಕು ಎಂದು ಒಪ್ಪಿಸಬಹುದು. ಉಳಿದೆರಡು ನಿಜವಾಗಿ ಆರಿವೆಯೆಂದು ಕೋಣೆಗೆ ಹೋಗಿ ಕಣ್ಣಾರೆ ನೋಡಿದ ಹೊರತು ಅದನ್ನು ಮುಟ್ಟಬಾರದು. ಬರೀ ನೆಟ್‌ವರ್ಕ್ ತಂತಿ ಕಳಚಿದ್ದರೆ ಅದೇ ಪುಸ್ತಕವನ್ನು ಎರಡು ಕಡೆ ಎರಡು ಬಗೆಯಲ್ಲಿ ಬರೆದಂತಾಗುತ್ತದೆ. ಎಚ್‌ಎ (ಸರ್ವರ್ ಸತ್ತರೆ ಅದರ ಮಷೀನ್‌ಗಳನ್ನು ಬೇರೆ ಸರ್ವರಿನಲ್ಲಿ ಎಬ್ಬಿಸುವ) ಸೌಲಭ್ಯ ಹಾಕಿದವರಿಗೆ ಇನ್ನೊಂದು ಎಚ್ಚರಿಕೆ: ಆಗ ಕೋರಮ್ ಕಳೆದುಕೊಂಡ ಸರ್ವರ್ ಸುಮಾರು ಒಂದು ನಿಮಿಷದಲ್ಲಿ ತನ್ನನ್ನು ತಾನೇ ರೀಬೂಟ್ ಮಾಡಿಕೊಳ್ಳುತ್ತದೆ. ಕೊರೋಸಿಂಕ್‌ಗೆ ಸರ್ವರ್‌ಗಳ ನಡುವಿನ ವಿಳಂಬ 5 ಮಿಲಿಸೆಕೆಂಡಿಗಿಂತ ಕಡಿಮೆ ಇರಬೇಕು, ಆದ್ದರಿಂದ ಬ್ಯಾಕಪ್ ಹರಿಯುವ ದಾರಿಯಲ್ಲೇ ಅದನ್ನು ಬಿಡಬಾರದು. ಈ ಎಲ್ಲದರಿಂದ ಸ್ಕ್ರಿಪ್ಟಿಗೆ ಸೇರಿದ ಸಾಲು ಒಂದೇ: ಕೆಲಸ ಶುರುಮಾಡುವ ಮೊದಲು ಕೋರಮ್ ಇದೆಯೇ ನೋಡು, ಇಲ್ಲದಿದ್ದರೆ ನಿಲ್ಲು.

ಹುಟ್ಟಿಸುವುದಕ್ಕಿಂತ ಅಳಿಸುವಾಗ ಕ್ಯೂಎಂ ನನ್ನನ್ನು ಹೆಚ್ಚು ಹೆದರಿಸಿದೆ. ವೆಬ್ ಪುಟದಲ್ಲಿ ಮಷೀನ್ ಅಳಿಸಬೇಕಾದರೆ ಅದರ ಸಂಖ್ಯೆಯನ್ನು ಕೈಯಾರೆ ಟೈಪ್ ಮಾಡಿ ಖಚಿತಪಡಿಸಬೇಕು. ‘ಕ್ಯೂಎಂ ಡೆಸ್ಟ್ರಾಯ್’ ಏನನ್ನೂ ಕೇಳುವುದಿಲ್ಲ. ತಾನಾಗಿ ಅದು ಒಡ್ಡುವ ತಡೆ, ಓಡುತ್ತಿರುವ ಮಷೀನನ್ನು ಅಳಿಸಲು ಒಪ್ಪದಿರುವುದು. ನನ್ನ ಸ್ಕ್ರಿಪ್ಟ್ ಮೊದಲು ನಿಲ್ಲಿಸಿ ಆಮೇಲೆ ಅಳಿಸುತ್ತಿದ್ದರಿಂದ ಆ ತಡೆಯನ್ನೂ ನಾನೇ ತೆಗೆದುಹಾಕಿದ್ದೆ. ಆ ಸೆಮಿಸ್ಟರಿನಲ್ಲಿ ಇದ್ದದ್ದು ಐವತ್ತೆಂಟು ವಿದ್ಯಾರ್ಥಿಗಳು. ಖಾಲಿ ಉಳಿದ 3160ನ್ನು ಸಹೋದ್ಯೋಗಿ ಮೇಡಂ ತಮ್ಮ ಪ್ರಾಜೆಕ್ಟಿಗೆ ಬಳಸಿಕೊಂಡಿದ್ದರು. 3101ರಿಂದ 3160ರವರೆಗೆ ಎಂದು ಬರೆದ ಲೂಪು ಅದನ್ನೂ ಗುಡಿಸಿಕೊಂಡು ಹೋಯಿತು. ಹಿಂದಿನ ರಾತ್ರಿಯ ಬ್ಯಾಕಪ್ ಇದ್ದದ್ದರಿಂದ ಒಂದು ದಿನದ ಕೆಲಸ ಮಾತ್ರ ಹೋಯಿತು, ಅವರು ಏನೂ ಅನ್ನಲಿಲ್ಲ, ಅದೇ ಹೆಚ್ಚು ನೋಯಿಸಿತು. ‘ಪ್ರೊಟೆಕ್ಷನ್ 1’ ಎಂಬ ಒಂದು ಗುರುತು ಹಾಕಿದ್ದರೆ ಕ್ಯೂಎಂ ಅಳಿಸಲು ನಿರಾಕರಿಸುತ್ತಿತ್ತು. ಈಗ ವಿದ್ಯಾರ್ಥಿಗಳದ್ದಲ್ಲದ ಪ್ರತಿ ಮಷೀನಿಗೂ ಅದಿದೆ. ಅಳಿಸುವ ಸ್ಕ್ರಿಪ್ಟ್ ಸಂಖ್ಯೆಯನ್ನು ನಂಬದೆ, ಹುಟ್ಟಿಸುವಾಗ ಅಂಟಿಸಿದ ಸೆಮಿಸ್ಟರಿನ ಟ್ಯಾಗ್ ಇದ್ದರೆ ಮಾತ್ರ ಮುಂದುವರಿಯುತ್ತದೆ. ಅರ್ಧಕ್ಕೆ ನಿಂತ ಕೆಲಸದ ಕಥೆಯೂ ಹೀಗೆಯೇ. ಕ್ಲೋನ್ ಆಗಿ, ವಿಳಾಸ ಕೊಡುವ ಸಾಲು ಸೋತರೆ ವಿಳಾಸವಿಲ್ಲದ ಮಷೀನೊಂದು ಉಳಿದುಬಿಡುತ್ತದೆ. ಅದನ್ನು ಗುರುತಿಸಿ ತೆಗೆಯುವ ಜವಾಬ್ದಾರಿ ಬರೆದವರದ್ದೇ.

ಕಲಿಸುವ ಜಾಗದಲ್ಲಿರುವುದರಿಂದ ನನಗೆ ಇಷ್ಟವಾದ ಇನ್ನೊಂದು ಆಜ್ಞೆಯನ್ನು ಹೇಳಬೇಕು. ‘ಕ್ಯೂಎಂ ಶೋಸಿಎಂಡಿ’ ಎಂದು ಮಷೀನ್ ಸಂಖ್ಯೆ ಕೊಟ್ಟರೆ, ಆ ಮಷೀನನ್ನು ಎಬ್ಬಿಸಲು ಕ್ಯೂಎಮುಗೆ ಹೋಗುವ ಪೂರ್ತಿ ಆಜ್ಞೆಯನ್ನು ತೆರೆದು ತೋರಿಸುತ್ತದೆ. ಹತ್ತಾರು ಸಾಲುಗಳ ಆ ಉದ್ದನೆಯ ಆಜ್ಞೆಯನ್ನು ಪರದೆಯ ಮೇಲೆ ಹಾಕಿ, ಡಿಸ್ಕ್ ಎಲ್ಲಿದೆ, ಕಾರ್ಡ್ ಎಲ್ಲಿದೆ, ಪ್ರೊಸೆಸರ್ ಬಗೆ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಿದಾಗ ವರ್ಚುವಲ್ ಮಷೀನ್ ಎಂಬುದು ಕೊನೆಗೂ ಒಂದು ಸಾಮಾನ್ಯ ಪ್ರೋಸೆಸ್ ಎಂದು ಹುಡುಗರಿಗೆ ಹೊಳೆಯುತ್ತದೆ. ಕೈಪಿಡಿಯೂ ಚೆನ್ನಾಗಿದೆ, ಪ್ರತಿ ಆಯ್ಕೆಯ ಪೂರ್ವನಿಗದಿತ ಮೌಲ್ಯವನ್ನೂ ಕೊಟ್ಟಿದೆ. ಮಷೀನಿಗೆ ಕನ್ನಡದಲ್ಲಿ ಹೆಸರಿಡಲು ಆಗುವುದಿಲ್ಲ, ಡಿಎನ್‌ಎಸ್ ನಿಯಮಕ್ಕೆ ಹೊಂದುವ ರೋಮನ್ ಅಕ್ಷರ, ಅಂಕಿ, ಅಡ್ಡಗೆರೆ, ಚುಕ್ಕೆ ಅಷ್ಟಕ್ಕೇ ಅವಕಾಶ. ಆದರೆ ವಿವರಣೆಯ ಜಾಗದಲ್ಲಿ ಕನ್ನಡ ಬರೆಯಬಹುದು, ವೆಬ್ ಪುಟದಲ್ಲಿ ಸರಿಯಾಗಿಯೇ ಕಾಣುತ್ತದೆ. ಕಡತವನ್ನು ತೆರೆದು ನೋಡಿದರೆ ಮಾತ್ರ ಶೇಕಡಾ ಚಿಹ್ನೆಗಳ ಉದ್ದನೆಯ ಸಾಲು.

ಖರ್ಚಿನ ಮಾತು. ತಂತ್ರಾಂಶಕ್ಕೆ ಹಣವಿಲ್ಲ. ಹೆಚ್ಚು ಪರೀಕ್ಷೆಗೆ ಒಳಪಟ್ಟ ಎಂಟರ್‌ಪ್ರೈಸ್ ಅಪ್‌ಡೇಟ್ ಭಂಡಾರಕ್ಕೂ ನೆರವಿಗೂ ಪ್ರೊಸೆಸರ್ ಸಾಕೆಟ್ ಲೆಕ್ಕದಲ್ಲಿ ವಾರ್ಷಿಕ ಚಂದಾ ಕೊಡಬೇಕು. ಚಂದಾ ಇಲ್ಲದವರು ‘ನೋ-ಸಬ್‌ಸ್ಕ್ರಿಪ್ಷನ್’ ಭಂಡಾರಕ್ಕೆ ತಾವೇ ಬದಲಿಸಿಕೊಳ್ಳಬೇಕು, ಇಲ್ಲದಿದ್ದರೆ ಮೊದಲ ಅಪ್‌ಡೇಟಿನಲ್ಲೇ 401 ದೋಷ ಬರುತ್ತದೆ. ಲಾಗಿನ್ ಆದಾಗಲೆಲ್ಲ ಬರುವ ‘ನಿಮ್ಮ ಬಳಿ ಚಂದಾ ಇಲ್ಲ’ ಎಂಬ ಕಿಟಕಿ ಕಮಾಂಡ್ ಲೈನಿನಲ್ಲಿ ಬರುವುದಿಲ್ಲ, ಸ್ಕ್ರಿಪ್ಟ್ ಬರೆಯುವವರಿಗೆ ಅದೊಂದು ಸಣ್ಣ ಸುಖ.

ನಮ್ಮ ಸ್ಕ್ರಿಪ್ಟಿನಲ್ಲಿ ಈಗ ಸುಮಾರು ನೂರನಲವತ್ತು ಸಾಲುಗಳಿವೆ, ಅವುಗಳಲ್ಲಿ ಕ್ಯೂಎಂ ಇರುವುದು ಏಳರಲ್ಲಿ. ಉಳಿದವೆಲ್ಲ ಕೋರಮ್ ನೋಡುವುದು, ಸರ್ವರ್ ಆರಿಸುವುದು, ಸಂಖ್ಯೆ ಲೆಕ್ಕ ಹಾಕುವುದು, ಸೋತಾಗ ಗುಡಿಸುವುದು. ಮೂರರಿಂದ ಐದಾರು ಸರ್ವರ್ ಇರುವ ಕಾಲೇಜು, ಸಣ್ಣ ಕಚೇರಿ, ಸ್ವಂತ ಲ್ಯಾಬ್ ಇಟ್ಟುಕೊಂಡವರಿಗೆ ಈ ಲೆಕ್ಕ ಒಪ್ಪುತ್ತದೆ, ನಾನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಹತ್ತಾರು ಸರ್ವರ್‌ಗಳಿದ್ದು ದಿನವೂ ನೂರಾರು ಮಷೀನ್ ಹುಟ್ಟಿ ಸಾಯುವ ಜಾಗದಲ್ಲಿ ಆ ನೂರಮೂವತ್ತಮೂರು ಸಾಲುಗಳು ಸಾವಿರವಾಗುತ್ತವೆ, ಅಂಥವರು ಓಪನ್‌ಸ್ಟ್ಯಾಕ್ ಎಂಬ ದೊಡ್ಡ ಕ್ಲೌಡ್ ತಂತ್ರಾಂಶದ ಕಡೆಗೆ ನೋಡುವುದು ಒಳ್ಳೆಯದು. ಇಂಟರ್‌ನೆಟ್ಟಿನಲ್ಲಿ ಸಿದ್ಧ ಸ್ಕ್ರಿಪ್ಟ್‌ಗಳು ಬೇಕಾದಷ್ಟಿವೆ. ಓದದೆ ನೇರವಾಗಿ ರೂಟ್ (ಸರ್ವಾಧಿಕಾರವಿರುವ ಬಳಕೆದಾರ) ಆಗಿ ಓಡಿಸಿದರೆ ಮೂರು ಸರ್ವರಿನ ಬೀಗದ ಕೈಯನ್ನೂ ಅಪರಿಚಿತರ ಕೈಗೆ ಕೊಟ್ಟಂತೆ, ಕ್ಲಸ್ಟರಿನಲ್ಲಿ ಒಂದರ ರೂಟ್ ಎಂದರೆ ಎಲ್ಲದರ ರೂಟ್. ನಮ್ಮ ಸ್ಕ್ರಿಪ್ಟೂ ಇಂದಿಗೂ ರೂಟ್ ಆಗಿಯೇ ಓಡುತ್ತಿದೆ. ಬರುವ ಸೆಮಿಸ್ಟರಿಗೆ ಮೊದಲು ಅದನ್ನು ಎಪಿಐ ಟೋಕನ್‌ಗೆ ಬದಲಿಸಿ, ವಿದ್ಯಾರ್ಥಿಗಳ ಪೂಲಿನಾಚೆ ಏನನ್ನೂ ಮುಟ್ಟಲಾಗದಂತೆ ಮಾಡುವ ಕೆಲಸವನ್ನು ಲ್ಯಾಬಿನ ಬೋರ್ಡಿನ ಮೇಲೆ ಬರೆದಿಟ್ಟಿದ್ದೇನೆ. ಪಕ್ಕದಲ್ಲಿ ಯಾರೋ ‘3160’ ಎಂದು ಬರೆದು ಅದರ ಸುತ್ತ ಗೆರೆ ಎಳೆದಿದ್ದಾರೆ.